ಒಂಟಿ ಗೆಜ್ಜೆ, ತೂತು ಕಾಸು, ಒಂದು ಮೊಟ್ಟೆ

ಅಜ್ಜಿ ಹೋದ ಮೇಲೆ ಅವರ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ ಸಿಕ್ಕಿತು. ಒಳಗೆ ಬರೀ ಚಿಲ್ಲರೆ ಸಾಮಾನು. ಜೋಡಿ ಕಳೆದುಕೊಂಡ ಒಂದು ಬೆಳ್ಳಿ ಕಾಲ್ಗೆಜ್ಜೆ, ನಡುವೆ ದೊಡ್ಡ ತೂತಿರುವ ಮೂರು ಕಾಸು, ಯಾವ ಬೀಗದ್ದೋ ಒಂದು ಹಿತ್ತಾಳೆ ಬೀಗದ ಕೈ, ತಿರುಪು ಇಲ್ಲದ ಒಂಟಿ ಜುಮುಕಿ, ಮುತ್ತಿನ ಚಿಪ್ಪಿನ ನಾಲ್ಕಾರು ಗುಂಡಿ, ಮಕ್ಕಳಿಗೆ ಕಟ್ಟುವ ಪುಟಾಣಿ ಬೆಳ್ಳಿ ಅರಳೆಲೆ. ಅಮ್ಮ ನೋಡಿ, "ಬೆಳ್ಳೀನೆಲ್ಲ ತೂಕಕ್ಕೆ ಹಾಕಿದ್ರೆ ಒಂದು ಕುಂಕುಮದ ಬಟ್ಟಲು ಬರುತ್ತೆ, ಉಳಿದಿದ್ದು ಬಿಸಾಕು" ಅಂದರು. ನಾನು ಬಾಟಲಿ ಎತ್ತಿಟ್ಟುಕೊಂಡೆ.

ಆಗಷ್ಟೇ ಬೆಂಗಳೂರಿನ ರಾಜಾ ಮಾರ್ಕೆಟ್ಟಿನಲ್ಲಿ ಚಾರ್ಮ್ ಬ್ರೇಸ್‌ಲೆಟ್ ನೋಡಿ ಬಂದಿದ್ದೆ. ಚೈನಿನ ತುಂಬ ಚಿಕ್ಕ ಚಿಕ್ಕ ಬಿಲ್ಲೆ, ಬೀಗದ ಕೈ, ಹೃದಯ ತೂಗುತ್ತವಲ್ಲ, ಅದು. "ಆಂಟಿಕ್ ಫಿನಿಶ್" ಅಂತ ಕೊಡುತ್ತಾರೆ, ಆದರೆ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಕಪ್ಪು, ಬೂಟ್ ಪಾಲಿಶ್ ಬಳಿದ ಹಾಗೆ. ವಿಕ್ಟೋರಿಯಾ ರಾಣಿ ಇಂಥದ್ದನ್ನು ಇಂಗ್ಲೆಂಡಿನಲ್ಲಿ ಫ್ಯಾಶನ್ ಮಾಡಿದಳು, 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ಅವನ ಕೂದಲಿಟ್ಟ ಲಾಕೆಟ್ ಹಾಕಿಕೊಳ್ಳುತ್ತಿದ್ದಳು. ಅಷ್ಟು ದೂರ ಯಾಕೆ ಹೋಗಬೇಕು, ನಮ್ಮ ಮಕ್ಕಳ ಉಡಿದಾರಕ್ಕೆ ತಾಯಿತ, ಗೆಜ್ಜೆ, ಅರಳೆಲೆ ಪೋಣಿಸುತ್ತಿದ್ದರಲ್ಲ, ಅದೂ ಇದೇ ತಾನೆ!

ಬಾಟಲಿಯ ಸಾಮಾನಿನಲ್ಲೇ ಅಂಥದ್ದೊಂದು ಬ್ರೇಸ್‌ಲೆಟ್ ಮಾಡೋಣ ಅಂತ ಶುರು ಮಾಡಿ, ಮೊದಲ ದಿನವೇ ಯಡವಟ್ಟು ಮಾಡಿದೆ. ಹಳೇದು ಅಂದ ಮೇಲೆ ತೊಳೀಬೇಕು ಅಲ್ವಾ ಅಂತ ಎಲ್ಲವನ್ನೂ ಹುಣಸೆಹಣ್ಣಿನ ನೀರಿಗೆ ಹಾಕಿ ಸೀರಿಯಲ್ ನೋಡುತ್ತಾ ಕೂತೆ. ಬಂದು ನೋಡಿದರೆ ಕಾಸು ಈಗ ತಾನೆ ಟಂಕಸಾಲೆಯಿಂದ ಬಂದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಚಿಪ್ಪಿನ ಗುಂಡಿಗಳ ಕಥೆ ಇನ್ನೂ ಕಷ್ಟ. ಚಿಪ್ಪು ಅಂದರೆ ಸುಣ್ಣದ ಜಾತಿ, ಹುಳಿ ತಗುಲಿದರೆ ಕರಗುತ್ತೆ ಅನ್ನೋದು ತಲೆಗೇ ಬರಲಿಲ್ಲ. ಮೇಲಿನ ಹೊಳಪು ಹೋಗಿ ಬೆಳ್ಳಗೆ ಮಂಕಾಗಿದ್ದವು. ಅವು ಇನ್ನು ಸರಿಯಾಗಲ್ಲ. ನಾಣ್ಯ ಕೂಡಿಸುವ ಪಕ್ಕದ ಮನೆ ಅಂಕಲ್ ಕಾಸು ನೋಡಿ ತಲೆ ಚಚ್ಚಿಕೊಂಡರು. ಹಳೇ ನಾಣ್ಯ ಉಜ್ಜಿದರೆ ಅದರ ಬೆಲೆಯೇ ಹೋಯಿತಂತೆ.

ಆ ಕಾಸಿನ ಬಗ್ಗೆ ಹೇಳಿದವರೂ ಅವರೇ. 1943ರಿಂದ 1947ರವರೆಗೆ ಬಂದ ಒಂದು ಪೈಸೆ ಅದು, ಆಗಿನ ಲೆಕ್ಕದಲ್ಲಿ ರೂಪಾಯಿಗೆ 64. ಯುದ್ಧದ ಕಾಲ, ಲೋಹ ಉಳಿಸಲು ನಡುವೆ ತೂತು ಮಾಡಿದ್ದರು. ನಮಗೆ ಇದರಿಂದ ದೊಡ್ಡ ಅನುಕೂಲ, ಡ್ರಿಲ್ ಹಿಡಿಯುವ ಕೆಲಸವೇ ಇಲ್ಲ. ಅಗಲ ಸುಮಾರು 21 ಮಿ.ಮೀ., ತೂಕ 2 ಗ್ರಾಂ ಅಷ್ಟೇ, ಕೈಗೆ ಭಾರ ಅನ್ನಿಸಲ್ಲ. ಈಗ ಚಲಾವಣೆಯಲ್ಲಿರುವ ನಾಣ್ಯಕ್ಕೆ ಮಾತ್ರ ತೂತು ಹಾಕಲು ಹೋಗಬೇಡಿ, 2011ರ ನಾಣ್ಯ ಕಾಯ್ದೆ ಪ್ರಕಾರ ನಾಣ್ಯ ಹಾಳು ಮಾಡೋದು ಅಪರಾಧ. ಅಜ್ಜಿ ಮನೆಯ ಡಬ್ಬಿಯಲ್ಲಿ ಹುಲಿಯುಗುರು ಸಿಕ್ಕಿದರಂತೂ ಮುಟ್ಟಲೇಬೇಡಿ. 2023ರಲ್ಲಿ ಕರ್ನಾಟಕದಲ್ಲಿ ಅದರದ್ದೇ ಎಷ್ಟು ಗಲಾಟೆ ಆಯಿತು ಅಂತ ಎಲ್ಲರಿಗೂ ನೆನಪಿದೆ.

ಹುಣಸೆ ನೀರಿಗೆ ಹೋದ ಹಳೇ ಕಪ್ಪನ್ನು ವಾಪಸ್ ತರೋದು ಹೇಗೆ? ಗಂಧಕ ಬೇಕು, ಅದು ಬೇಯಿಸಿದ ಮೊಟ್ಟೆಯಲ್ಲಿದೆ. ನಮ್ಮ ಅಡುಗೆಮನೆಗೆ ಮೊಟ್ಟೆ ಬರೋ ಹಾಗಿಲ್ಲ! ಕೊನೆಗೆ ಗೆಳತಿಯ ಮನೆಯಲ್ಲಿ ಬೇಯಿಸಿ, ಬಿಸಿಬಿಸಿಯಾಗಿ ಹಳದಿ ಸಮೇತ ಕಿವುಚಿ, ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಅದರ ಪಕ್ಕದಲ್ಲಿ ಟಿಶ್ಯೂ ಹಾಸಿ ಬೆಳ್ಳಿ ಸಾಮಾನು ಇಟ್ಟು, ಮೊಟ್ಟೆ ತಾಗದ ಹಾಗೆ ನೋಡಿಕೊಂಡು, ಡಬ್ಬಿಯನ್ನು ನಮ್ಮ ತಾರಸಿಯ ಮೂಲೆಗೆ ಸೇರಿಸಿದೆ. ಅರ್ಧ ಗಂಟೆಗೆ ಗೆಜ್ಜೆ ಹಳದಿ ಕಂದು ಆಯಿತು, ಸಂಜೆಗೆ ಕಪ್ಪು. ಕಾಸು ರಾತ್ರಿಯಿಡೀ ಇದ್ದು ಒಂದಿಷ್ಟು ಕಂದು ಬಣ್ಣಕ್ಕೆ ಬಂತು. ಹಿತ್ತಾಳೆ ಬೀಗದ ಕೈ ಮಾತ್ರ ಜಗ್ಗಲಿಲ್ಲ, ಅದನ್ನು ಸುಮ್ನೆ ಕಿಟಕಿಯಲ್ಲಿ ಬಿಟ್ಟೆ, ತಾನಾಗೇ ಮಂಕಾಗುತ್ತಿದೆ.

ಇನ್ನು ಮುಖ್ಯವಾದ ಕೆಲಸ. ಇಡೀ ಕಪ್ಪು ಬಿಟ್ಟರೆ ಅಂಗಡಿ ಮಾಲಿನ ಹಾಗೇ ಕಾಣುತ್ತೆ. ಹಳೇ ಒಡವೆಯಲ್ಲಿ ಉಬ್ಬಿದ ಕಡೆ ಮೈಗೆ, ಸೀರೆಗೆ ಉಜ್ಜಿ ಉಜ್ಜಿ ಬೆಳ್ಳಗಿರುತ್ತೆ, ತಗ್ಗಿನಲ್ಲಿ ಮಾತ್ರ ಕಪ್ಪು ಕೂತಿರುತ್ತೆ. ಬೆಳ್ಳಿ ದೀಪ ಉಜ್ಜಲು ಅಮ್ಮ ಬಳಸುವ ವಿಭೂತಿಯನ್ನೇ ಒಣ ಬಟ್ಟೆಯಲ್ಲಿ ತಗೊಂಡು, ಬೆರಳ ತುದಿಯಿಂದ ಮೇಲೆ ಮೇಲೆ ಮಾತ್ರ ಒರೆಸಿದೆ. ಬ್ರಷ್ ಬೇಡ, ಅದು ತಗ್ಗಿಗೂ ಇಳಿಯುತ್ತೆ. ಅರಳೆಲೆಯ ನರಗಳು ಕಪ್ಪಗೆ ಎದ್ದು ಬಂದಾಗ ನಿಜಕ್ಕೂ ಕುಣಿದುಬಿಟ್ಟೆ.

ಜೋಡಿಸಲು ಎರಡು ಇಕ್ಕಳ ಬೇಕು, ಒಂದು ಸಾಲದು. ನನಗಿದು ಗೊತ್ತಾಗಿದ್ದು ನಷ್ಟವಾದ ಮೇಲೆ. ಚಾರ್ಮ್ ಸಿಕ್ಕಿಸುವ ಜಂಪ್ ರಿಂಗುಗಳನ್ನು, ಅಂದರೆ ಒಂದು ಕಡೆ ಬಾಯಿ ಬಿಟ್ಟಿರುವ ಪುಟ್ಟ ತಂತಿ ಉಂಗುರಗಳನ್ನು, ಉಗುರಿನಲ್ಲೇ ಅಗಲಿಸಿ ಒತ್ತಿದ್ದೆ, ಅವು ಮೊಟ್ಟೆಯಾಕಾರ ಆಗಿ ಬಾಯಿ ಕೂಡಲೇ ಇಲ್ಲ. ಒಂದು ಮದುವೆಗೆ ಹಾಕಿಕೊಂಡು ಹೋಗಿ, ಊಟದ ಹಾಲಿಗೂ ಪಾರ್ಕಿಂಗಿಗೂ ನಡುವೆ ಎಲ್ಲೋ ಒಂದು ಕಾಸು ಕಳೆದೆ. ಬೀದಿಯ ಕೊನೆಯಲ್ಲಿರುವ ಅಕ್ಕಸಾಲಿಗರು ನೋಡಿ, "ಅಮ್ಮಾ, ಎಳೀಬೇಡಿ, ತಿರುಗಿಸಿ" ಅಂದರು. ಬಾಯಿಯ ಎರಡೂ ಪಕ್ಕ ಇಕ್ಕಳದಲ್ಲಿ ಹಿಡಿದು, ಒಂದನ್ನು ಮುಂದಕ್ಕೆ ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ ತೆರೆಯಬೇಕು, ಹಾಗೇ ವಾಪಸ್ ತಿರುಗಿಸಿ ಮುಚ್ಚಬೇಕು. ಆಗ ಉಂಗುರ ದುಂಡಗೇ ಉಳಿಯುತ್ತೆ. ತಂತಿ 20 ಗೇಜ್, ಅಂದರೆ 0.8 ಮಿ.ಮೀ., ಸಣ್ಣ ಚಾರ್ಮಿಗೆ ಸಾಕು. ಬೀಗದ ಕೈಗೆ ಅದಕ್ಕಿಂತ ದಪ್ಪದ 18 ಗೇಜ್ ಹಾಕಿದೆ. ಬೆಳ್ಳಿ ಅರಳೆಲೆಯ ರಿಂಗಿಗೆ ಅವರ ಕೈಯಲ್ಲೇ ಬೆಸುಗೆ ಹಾಕಿಸಿದೆ, ಅದು ಕಳೆದರೆ ನನಗೆ ನಿದ್ದೆ ಬರಲ್ಲ.

ಚೈನು ಆ ಒಂಟಿ ಗೆಜ್ಜೆಯದ್ದೇ. ನನ್ನ ಮಣಿಕಟ್ಟು 15.5 ಸೆಂ.ಮೀ., ಚೈನು 18ಕ್ಕೆ ಕತ್ತರಿಸಿದೆ, ಚಾರ್ಮುಗಳೂ ಜಾಗ ತಿನ್ನುತ್ತವಲ್ಲ. ಬಾತ್ ಟವೆಲ್ ಮೇಲೆ ಚೈನನ್ನು ತಿರುಚದೆ ಉದ್ದಕ್ಕೆ ಹಾಸಿ, ಎಲ್ಲ ಚಾರ್ಮುಗಳನ್ನೂ ಕೊಂಡಿಗಳ ಒಂದೇ ಬದಿಗೆ ಸಿಕ್ಕಿಸಬೇಕು, ಇಲ್ಲದಿದ್ದರೆ ಕೈಗೆ ಹಾಕಿದಾಗ ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಭಾರದ್ದು ನಡುವೆ. ಜುಮುಕಿ ಪಕ್ಕ ಕಾಸು ಬೇಡ, ಟಣ್ ಟಣ್ ಅಂತ ಬಡಿದುಕೊಳ್ಳುತ್ತೆ. ನಡುನಡುವೆ ಬಣ್ಣಕ್ಕೆ ಚನ್ನಪಟ್ಟಣದ ಅರಗಿನ ಮರದ ಮಣಿ ಹಾಕಿದೆ, ತೂಕವೇ ಇಲ್ಲ. ಅಜ್ಜಿಯ ಹರಿದ ಕರಿಮಣಿ ಹಾಕೋಣ ಅಂದಿದ್ದಕ್ಕೆ ಅಮ್ಮ ಗುರ್ ಅಂದರು, ಬಿಟ್ಟೆ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತೆ. ಒಮ್ಮೆ ಸ್ಯಾನಿಟೈಸರ್ ಹಾಕಿಕೊಂಡು ಮಣಿ ಮುಟ್ಟಿದ್ದೆ, ಕೆಂಪು ಅಂಟಂಟಾಗಿ ಬೆರಳಿಗೆ ಬಂತು. ಸೆಂಟು ಹಾಕೋರು ಮೊದಲು ಸೆಂಟು, ಆಮೇಲೆ ಬ್ರೇಸ್‌ಲೆಟ್.

ಕಾಸು ಬೆವರಿಗೆ ಕೈಯೆಲ್ಲ ಹಸಿರು ಮಾಡುತ್ತೆ. ಹಿಂಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿದ್ದೇನೆ, ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಈಗ ಮುಂದಿನ ಕೆಲಸಕ್ಕೆ ಅಪ್ಪನ ನಿಂತುಹೋದ ಎಚ್‌ಎಂಟಿ ಕೈಗಡಿಯಾರ ತೆಗೆದಿಟ್ಟಿದ್ದೇನೆ, ಸ್ಟ್ರಾಪ್ ತೆಗೆದರೂ ಸ್ಪ್ರಿಂಗ್ ಕಡ್ಡಿ ಉಳಿಯುತ್ತೆ, ಅದಕ್ಕೇ ರಿಂಗ್ ಹಾಕಿ ಉದ್ದನೆ ಸರಕ್ಕೆ ತೂಗಿಬಿಡಬಹುದು. ಅಪ್ಪ ಮಾತ್ರ ರಿಪೇರಿ ಮಾಡಿಸ್ತೀನಿ ಅಂತ ದಿನಾ ಅದನ್ನು ನನ್ನ ಡಬ್ಬಿಯಿಂದ ಎತ್ತಿಕೊಂಡು ಹೋಗಿ ಬೀರುವಿನಲ್ಲಿ ಇಡುತ್ತಾರೆ.