ಭಾನುವಾರದ ಮಸಾಲೆ ದೋಸೆ: ಕಾದಿದ್ದು ಸಾರ್ಥಕ ಆಗಬೇಕೆಂದರೆ

ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಬೆಂಗಳೂರಿನ ಗಾಂಧಿ ಬಜಾರಿಗೆ ಹೋಗಿ ನೋಡಿ. ವಿದ್ಯಾರ್ಥಿ ಭವನದ ಮುಂದೆ ಫುಟ್‌ಪಾತ್ ತುಂಬಾ ಜನ. ಹೆಸರು ಬರೆಸಿ ಕಾಯುತ್ತಿರುವವರು, ಒಳಗೆ ಇಣುಕಿ ನೋಡುವವರು, ಹಸಿದು ಅಮ್ಮನ ಸೆರಗು ಎಳೆಯುವ ಮಕ್ಕಳು. ಮುಕ್ಕಾಲು ಗಂಟೆ ಕಾದು ಒಳಗೆ ಹೋಗಿ ಬಂದವರಲ್ಲಿ ಕೆಲವರ ಮುಖದಲ್ಲಿ ಸಮಾಧಾನವೇ ಇರುವುದಿಲ್ಲ. 'ಏನೋ ಅಂದ್ಕೊಂಡಿದ್ವಿ, ಇಷ್ಟೇನಾ?' ಅನ್ನುತ್ತಾ ಆಟೊ ಹತ್ತುತ್ತಾರೆ. ನನಗೆ ಅದನ್ನು ನೋಡಿದರೆ ಸಂಕಟ. ದೋಸೆ ಚೆನ್ನಾಗಿಯೇ ಇತ್ತು. ಆರ್ಡರ್ ಕೊಟ್ಟ ರೀತಿ, ತಿಂದ ರೀತಿ ಅದನ್ನು ಕೆಡಿಸಿತ್ತು.

ಹಾಗಾಗಿ ಒಂದೊಂದಾಗಿ ಹೇಳುತ್ತೇನೆ.

1. ರಜೆ ಯಾವತ್ತು ಅಂತ ತಿಳಿದು ಹೊರಡಿ

ಹಳೇ ಹೋಟೆಲುಗಳಿಗೆ ವಾರದಲ್ಲಿ ಒಂದು ದಿನ ರಜೆ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರವೇ ರಜೆ. ಅಲ್ಲಿನ ಇಡ್ಲಿ, ಕೇಳಿದಷ್ಟು ಹಾಕುವ ಚಟ್ನಿ ಬೇಕಿದ್ದರೆ ಶನಿವಾರ ಹೋಗಿ.

2. ನಾಲ್ಕೇ ಜನ ಹೋಗಿ

ಎಂಟು ಜನ ಹೋದರೆ ಎಂಟೂ ಜನಕ್ಕೆ ಒಟ್ಟಿಗೆ ಜಾಗ ಸಿಗುವುದು ಕಷ್ಟ. ಸಿಗುವವರೆಗೂ ನಿಮಗಿಂತ ಹಿಂದೆ ಬಂದ ಇಬ್ಬರು, ಮೂವರು ಒಳಗೆ ಹೋಗುತ್ತಲೇ ಇರುತ್ತಾರೆ. ಜಾಸ್ತಿ ಜನ ಇದ್ದರೆ ಮನೆಯಲ್ಲೇ ಎರಡು ಗುಂಪು ಮಾಡಿಕೊಂಡು, ಎರಡು ಹೆಸರು ಬರೆಸಿ. ಅಪರಿಚಿತರ ಜೊತೆ ಒಂದೇ ಮೇಜಿಗೆ ಕೂರುವುದಕ್ಕೂ ಸಿದ್ಧರಾಗಿರಿ. ಈ ಹೋಟೆಲುಗಳಲ್ಲಿ ಅದು ಮಾಮೂಲು. ಎದುರಿಗೆ ಕೂತ ಹಿರಿಯರು ಮೂವತ್ತು ವರ್ಷದಿಂದ ಬರುತ್ತಿರುವವರಾದರೆ ಇನ್ನೂ ಒಳ್ಳೆಯದು. ಅವರು ಏನು ಹೇಳುತ್ತಾರೋ ಅದನ್ನೇ ನೀವೂ ಹೇಳಿ.

3. ಏಳೂವರೆ ಒಳಗೆ ಅಲ್ಲಿರಿ

ಬೆಳಗ್ಗೆ ವಾಕಿಂಗ್ ಮುಗಿಸಿ ಬರುವವರದ್ದು ಮೊದಲ ಗುಂಪು. ಅವರು ಬೇಗ ತಿಂದು ಬೇಗ ಏಳುತ್ತಾರೆ, ಆಗ ಜಾಗ ಸಿಗುತ್ತದೆ. ಎಂಟೂವರೆಯಿಂದ ಹನ್ನೊಂದರವರೆಗೆ ಸಂಸಾರಗಳ ಹೊತ್ತು, ಕಾಯುವುದು ಗ್ಯಾರಂಟಿ. ಹನ್ನೊಂದೂವರೆಗೆ ಹೋಗಿ ತಿಂಡಿ, ಊಟ ಎರಡನ್ನೂ ಒಟ್ಟಿಗೆ ಮುಗಿಸೋಣ ಅನ್ನುವವರು ಈಗ ಜಾಸ್ತಿ ಆಗಿದ್ದಾರೆ. ದಯವಿಟ್ಟು ಬೇಡ. ಬೆಳಗಿನ ಅಡುಗೆಮನೆ ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಮುಚ್ಚುವ ಹೊತ್ತಿನಲ್ಲಿ ಕೂತರೆ ನಿಮಗೂ ಗಡಿಬಿಡಿ, ಅವರಿಗೂ ಗಡಿಬಿಡಿ.

ಕಾರು ಬೇಡ. ಹೂವು, ಹಣ್ಣಿನ ಅಂಗಡಿಗಳ ನಡುವೆ ಪಾರ್ಕಿಂಗ್ ಹುಡುಕುವಷ್ಟರಲ್ಲಿ ಎರಡು ಸರದಿ ದಾಟಿರುತ್ತದೆ. ಹಸಿರು ಮಾರ್ಗದ ಮೆಟ್ರೊದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆದುಬಿಡಿ. ಭಾನುವಾರ ಮೆಟ್ರೊ ಶುರುವಾಗುವುದು ತಡ, ಮೊದಲೇ ಸಮಯ ನೋಡಿಕೊಳ್ಳಿ. ಮಕ್ಕಳಿಗೆ ಮನೆಯಲ್ಲೇ ಒಂದು ಬಾಳೆಹಣ್ಣು ತಿನ್ನಿಸಿ. ಹಸಿದ ಮಗುವನ್ನು ಅರ್ಧ ಗಂಟೆ ನಿಲ್ಲಿಸುವುದು ಸರಿಯಲ್ಲ.

4. ಹೆಸರು ಬರೆಸಿ, ಕರೆದರೆ ಕೇಳಿಸುವಷ್ಟು ಹತ್ತಿರ ನಿಲ್ಲಿ.

5. ಎಲ್ಲವನ್ನೂ ಒಂದೇ ಸಲ ಹೇಳಬೇಡಿ

ಬಹಳ ಜನ ಎಡವುವುದು ಇಲ್ಲಿ.

ಒಂದು ಸಲ ಶಿವಮೊಗ್ಗದಿಂದ ನಮ್ಮ ಚಿಕ್ಕಪ್ಪನ ಮನೆಯವರು ಬಂದಿದ್ದರು. ನಗರದ ಒಂದು ಹೆಸರಾಂತ ಹೋಟೆಲಿಗೆ ಕರೆದುಕೊಂಡು ಹೋದೆವು. ಐವತ್ತು ನಿಮಿಷ ಕಾದು ಕೂತಾಗ ಎಲ್ಲರಿಗೂ ವಿಪರೀತ ಹಸಿವು. ಕೂತ ತಕ್ಷಣ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಆರು ಮಸಾಲೆ, ಆರು ಕಾಫಿ ಅಂತ ಒಂದೇ ಉಸಿರಿಗೆ ಹೇಳಿಬಿಟ್ಟರು. ಎಲ್ಲವೂ ಹೆಚ್ಚು ಕಡಿಮೆ ಒಟ್ಟಿಗೆ ಬಂತು. ಮೇಜಿನ ಮೇಲೆ ಕೈ ಇಡಲು ಜಾಗವಿಲ್ಲ. ಹುಡುಗರು ಫೋಟೊ ತೆಗೆದರು. ದೊಡ್ಡವರು ಇಡ್ಲಿ ಮುಗಿಸಿದರು. ಚಿಕ್ಕಪ್ಪ ದೋಸೆಗೆ ಕೈ ಹಾಕುವ ಹೊತ್ತಿಗೆ ಅದು ಒದ್ದೆ ಕಾಗದದ ಹಾಗೆ ಬಗ್ಗಿತು. ಕಾಫಿಯ ಮೇಲೆ ಕೆನೆ ಕಟ್ಟಿತ್ತು. 'ಇದಕ್ಕಾ ಇಷ್ಟು ಹೊತ್ತು ನಿಂತಿದ್ದು?' ಎಂದರು. ಅವರಿಗೆ ಒಳ್ಳೆಯ ದೋಸೆ ತಿನ್ನಿಸಬೇಕು ಅಂತ ವರ್ಷದಿಂದ ಆಸೆ ಇಟ್ಟುಕೊಂಡಿದ್ದೆ. ಆ ಮಾತು ಇವತ್ತಿಗೂ ಮನಸ್ಸಿನಲ್ಲಿದೆ.

ಸರಿಯಾದ ಕ್ರಮ ಹೀಗೆ. ಕೂತ ತಕ್ಷಣ ಸಣ್ಣದೇನಾದರೂ ಹೇಳಿ. ಇಬ್ಬರಿಗೆ ಒಂದು ಪ್ಲೇಟ್ ಖಾರಾಬಾತ್ ಸಾಕು, ಅಥವಾ ಒಂದು ವಡೆ. ಹಸಿವಿನ ಸಿಟ್ಟು ಇಳಿಯುತ್ತದೆ. ಎಂಟಿಆರ್‌ಗೆ ಹೋದರೆ ಈ ಜಾಗದಲ್ಲಿ ರವೆ ಇಡ್ಲಿಯನ್ನೇ ತಿನ್ನಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಎಂದು ಆ ಹೋಟೆಲಿನವರು ಹೇಳುತ್ತಾರೆ. ಕೇಸರಿಬಾತ್ ಬೇಕಿದ್ದರೆ ಅದನ್ನೂ ಈಗಲೇ ತಿಂದುಬಿಡಿ. ದೋಸೆ ಆದ ಮೇಲೆ ಸಿಹಿ ತಿಂದರೆ ಕಾಫಿಯ ರುಚಿ ಗೊತ್ತಾಗುವುದಿಲ್ಲ.

ತಟ್ಟೆಯಲ್ಲಿ ಇನ್ನೆರಡು ತುತ್ತು ಉಳಿದಾಗ ದೋಸೆ ಹೇಳಿ. ಜನ ತುಂಬಿರುವ ದಿನ ದೊಡ್ಡ ಕಾವಲಿಯ ಮೇಲೆ ಹತ್ತಾರು ದೋಸೆ ಒಟ್ಟಿಗೆ ಬೇಯುತ್ತವೆ, ಒಟ್ಟಿಗೇ ಹೊರಗೆ ಬರುತ್ತವೆ. ಒಂದು ಸುತ್ತು ತಪ್ಪಿದರೆ ಮುಂದಿನ ಸುತ್ತಿಗೆ ಕಾಯಬೇಕು. ಅದಕ್ಕೇ ಮೇಜಿನಲ್ಲಿ ಇರುವವರೆಲ್ಲ ದೋಸೆಯನ್ನು ಮಾತ್ರ ಒಟ್ಟಿಗೆ ಹೇಳಬೇಕು. 'ನಾನು ಆಮೇಲೆ ಹೇಳ್ತೀನಿ' ಅನ್ನುವವರು ಉಳಿದವರು ಕೈ ತೊಳೆಯುವಾಗ ಇನ್ನೂ ಕಾಯುತ್ತಿರುತ್ತಾರೆ.

ಒಬ್ಬರಿಗೆ ಒಂದು ದೋಸೆ. ಹಂಚಿಕೊಂಡು ತಿನ್ನುವ ಪದಾರ್ಥವಲ್ಲ ಅದು. ಅರ್ಧ ಮಾಡುವಾಗಲೇ ಗರಿ ಮುರಿದು, ಪಲ್ಯ ಒಬ್ಬರ ಕಡೆ, ಅಂಚು ಇನ್ನೊಬ್ಬರ ಕಡೆ ಹೋಗುತ್ತದೆ. ಚೀಸ್, ಪನೀರ್ ಹಾಕಿದ ದೋಸೆ ಬೇಕಿದ್ದರೆ ಬೇರೆ ಹೋಟೆಲುಗಳಿವೆ, ಅಲ್ಲಿಗೆ ಹೋಗಿ.

ತರುವವರನ್ನು 'ಹಲೋ' ಅಂತ ಚಿಟಿಕೆ ಹೊಡೆದು ಕರೆಯಬೇಡಿ. 'ಅಣ್ಣಾ' ಅಂದರೆ ಸಾಕು. ವಿದ್ಯಾರ್ಥಿ ಭವನದಲ್ಲಿ ಅವರು ದೋಸೆ ತರುವುದನ್ನು ಒಮ್ಮೆ ಗಮನಿಸಿ. ಬಿಳಿ ಪಂಚೆ, ಅಂಗೈಯಿಂದ ಭುಜದ ತನಕ ಒಂದರ ಮೇಲೊಂದು ವಾಲಿಸಿಟ್ಟ ತಟ್ಟೆಗಳು. ಮೇಜಿನ ಹತ್ತಿರ ಬಂದು ಇನ್ನೊಂದು ಕೈಯಿಂದ ಒಂದೊಂದೇ ಇಳಿಸುತ್ತಾರೆ. ಆ ಹೊತ್ತಿಗೆ ಅವರ ದಾರಿಯಲ್ಲಿ ಮೊಬೈಲ್ ಹಿಡಿದು ನಿಲ್ಲಬೇಡಿ. 1943ರಲ್ಲಿ ಸುತ್ತಮುತ್ತಲ ವಿದ್ಯಾರ್ಥಿಗಳಿಗಾಗಿ ಶುರುವಾದ ಜಾಗ ಅದು, ಓಡಾಡುವ ಸಂದು ಕಿರಿದು.

6. ದೋಸೆ ಬಂದ ಮೇಲಿನ ಐದು ನಿಮಿಷ

ಮಾತು ನಿಲ್ಲಿಸಿ. ಫೋಟೊ ಬೇಕಿದ್ದರೆ ಒಂದೇ ಒಂದು.

ದೋಸೆಯ ಶತ್ರು ಅದರೊಳಗೇ ಇರುವ ಬಿಸಿ ಪಲ್ಯ. ಆಲೂಗಡ್ಡೆಯಿಂದ ಏಳುವ ಹಬೆ ಮಡಿಕೆಯೊಳಗೆ ಸಿಕ್ಕಿಕೊಂಡು ಒಳಗಿನಿಂದ ಮೆತ್ತಗೆ ಮಾಡುತ್ತದೆ. ತಳದಲ್ಲಿ ಸ್ಟೀಲ್ ತಟ್ಟೆಗೆ ತಾಗಿದ ಕಡೆ ಬೆವರುತ್ತದೆ. ಅದಕ್ಕೇ ಮೊದಲು ಮೇಲಿನ ಮಡಿಕೆಯನ್ನು ಬೆರಳಿನಿಂದ ಸ್ವಲ್ಪ ಎತ್ತಿ, ಹಬೆ ಹೋಗಲು ಬಿಡಿ. ತುಪ್ಪದ ಪರಿಮಳ ಬರುವುದೂ ಆಗಲೇ. ಮೊದಲ ತುತ್ತು ಅಂಚಿನದ್ದು, ಏನನ್ನೂ ಅದ್ದದೆ. ಕಂದು ಬಣ್ಣದ ಆ ಗರಿಯಲ್ಲಿ ಹಿಟ್ಟಿನ ಹುಳಿ ಎಷ್ಟಿದೆ ಅಂತ ನಾಲಿಗೆಗೆ ತಿಳಿಯುತ್ತದೆ. ಆಮೇಲೆ ಅಂಚಿನಿಂದ ನಡುವಿಗೆ ಬನ್ನಿ. ಪಲ್ಯ ಇರುವ ಭಾಗ ಹೇಗೂ ಮೆತ್ತಗಾಗುತ್ತದೆ, ಅದು ಕೊನೆಗಿರಲಿ.

ಚಟ್ನಿಯ ವಿಷಯ. ವಿದ್ಯಾರ್ಥಿ ಭವನದಲ್ಲಿ ದೋಸೆಗೆ ಚಟ್ನಿ ಮಾತ್ರ. 'ಸಾಂಬಾರ್ ಕೊಡಿ' ಅಂತ ಜಗಳ ತೆಗೆಯುವವರನ್ನು ಕಂಡಿದ್ದೇನೆ. ಅಲ್ಲಿನ ಚಟ್ನಿ ನೀರಾಗಿರುತ್ತದೆ. ಬಡಿಸುವವರು ಬಂದಾಗ 'ಪಕ್ಕಕ್ಕೆ, ಸ್ವಲ್ಪ' ಅನ್ನಿ. ದೋಸೆಯ ಮೇಲೆ ಸುರಿಸಿಕೊಂಡರೆ ಮುಗಿಯಿತು, ಮೊದಲ ಮೂರು ತುತ್ತಿನಲ್ಲೇ ಎಲ್ಲ ನೆನೆದು ಹೋಗುತ್ತದೆ. ಖಾಲಿಯಾದರೆ ಮತ್ತೆ ಹಾಕುತ್ತಾರೆ, ಸಂಕೋಚ ಬೇಡ. ಎಂಟಿಆರ್‌ನಲ್ಲಿ ದೋಸೆಯ ಜೊತೆ ಪುಟ್ಟ ಬಟ್ಟಲಲ್ಲಿ ತುಪ್ಪ ಬರುತ್ತದೆ. ಅದನ್ನೂ ಒಟ್ಟಿಗೆ ಸುರಿಯಬೇಡಿ, ತುತ್ತು ತುತ್ತಿಗೆ ಅದ್ದಿ.

ಕೈಯಲ್ಲೇ ತಿನ್ನಿ. ಚಮಚ ಗರಿಯನ್ನು ಪುಡಿ ಮಾಡುತ್ತದೆ.

ಇಲ್ಲೇ ಇನ್ನೊಂದು ಮಾತು. ಕಾಯುವುದು ತಪ್ಪಲಿ ಅಂತ ಆ್ಯಪ್‌ನಲ್ಲಿ ದೋಸೆ ತರಿಸುವವರಿದ್ದಾರೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಅದೇ ಹಬೆಯಲ್ಲಿ ಅರ್ಧ ಗಂಟೆ ಬೆಂದು ಬರುವುದನ್ನು ದೋಸೆ ಅನ್ನಲು ನನಗೆ ಮನಸ್ಸಿಲ್ಲ. ಪಾರ್ಸೆಲ್ ಬೇಕೇ ಬೇಕಿದ್ದರೆ ಇಡ್ಲಿ ಒಯ್ಯಿರಿ. ಪ್ಯಾಕೆಟ್ ಹಿಟ್ಟು ತಂದು ಮನೆಯ ನಾನ್‌ಸ್ಟಿಕ್ ತವಾದ ಮೇಲೆ ಇದೇ ದೋಸೆ ಮಾಡುತ್ತೇವೆ ಅನ್ನುವವರಿಗೂ ಅದೇ ಮಾತು. ಹೋಟೆಲಿನ ಕಾವಲಿ ದಪ್ಪ ಕಬ್ಬಿಣದ್ದು, ಬೆಳಗಿನಿಂದ ಕಾದಿರುತ್ತದೆ. ತಣ್ಣಗಿನ ಹಿಟ್ಟು ಬಿದ್ದರೂ ಅದರ ಶಾಖ ಇಳಿಯುವುದಿಲ್ಲ. ತೆಳ್ಳನೆಯ ತವಾಕ್ಕೆ ಆ ಶಕ್ತಿ ಇಲ್ಲ.

7. ಕಾಫಿ ಹೇಳುವ ಹೊತ್ತು

ದೋಸೆ ಮುಕ್ಕಾಲು ಮುಗಿದಾಗ ಹೇಳಿ. ಕೈ ತೊಳೆದು ಬರುವಷ್ಟರಲ್ಲಿ ಬಂದಿರುತ್ತದೆ. ಹೊಟ್ಟೆ ತುಂಬಿದ್ದರೆ ಬೈ ಟು ತೆಗೆದುಕೊಳ್ಳಿ, ಬೆಂಗಳೂರಿನಲ್ಲಿ ಅದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ. ಲೋಟದಿಂದ ಬಟ್ಟಲಿಗೆ ಒಂದು ಸಲ ಸುರಿದು ವಾಪಸ್ ಹಾಕಿಕೊಳ್ಳಿ. ಸಕ್ಕರೆ ಬೆರೆಯುತ್ತದೆ, ಮೇಲೆ ನೊರೆ ಬರುತ್ತದೆ. ಸಕ್ಕರೆ ಬೇಡದವರು ಮೊದಲೇ ಹೇಳಬೇಕು. ಪೇಪರ್ ಕಪ್‌ನಲ್ಲಿ ಕೊಡುವ ಕಡೆ ನಾನು ಕಾಫಿ ಕುಡಿಯುವುದೇ ಇಲ್ಲ, ಕಾಗದದ ವಾಸನೆ ಡಿಕಾಕ್ಷನ್ನಿನ ಪರಿಮಳವನ್ನು ನುಂಗಿಬಿಡುತ್ತದೆ.

8. ಎದ್ದುಬಿಡಿ

ಕೊನೆಯ ಗುಟುಕಾದ ಮೇಲೆ ಕೂತು ಹರಟಬೇಡಿ. ನಿಮ್ಮ ಕುರ್ಚಿಯ ಹಿಂದೆಯೇ ಯಾರೋ ಅಜ್ಜ ನಿಂತಿರುತ್ತಾರೆ, ಅವರೂ ಮುಕ್ಕಾಲು ಗಂಟೆ ಕಾದವರು. ಬಿಲ್ ಕೊಟ್ಟು, ತಂದುಕೊಟ್ಟವರ ಕೈಗೆ ಒಂದಿಷ್ಟು ಇಟ್ಟು ಹೊರಗೆ ಬನ್ನಿ. ಹರಟೆಗೆ ಬ್ಯೂಗಲ್ ರಾಕ್ ಪಾರ್ಕ್ ಇದೆ, ನಡೆದೇ ಹೋಗಬಹುದು. ಬಂಡೆಯ ಮೇಲೆ ಕೂರಲು ನೆರಳಿದೆ. ಬರುವಾಗ ಗಾಂಧಿ ಬಜಾರಿನಲ್ಲಿ ಒಂದು ಮೊಳ ಮಲ್ಲಿಗೆ ತೆಗೆದುಕೊಳ್ಳಿ. ಮಧ್ಯಾಹ್ನಕ್ಕೆ ಮನೆಯಲ್ಲಿ ಮಜ್ಜಿಗೆ ಅನ್ನ, ಉಪ್ಪಿನಕಾಯಿ ಸಾಕು.