ಕೊಡಗಿನ ಚೈನೀಸ್ ಹೋಟೆಲಿನಲ್ಲಿ ನಾನು ಹಂದಿ ತಿನ್ನುವ ಪದ್ಧತಿ

ಕೊಡಗಿನ ಚೈನೀಸ್ ಹೋಟೆಲಿಗೆ ಬಂದು ಗೋಬಿ ಮಂಚೂರಿ, ಚಿಕನ್ ಲಾಲಿಪಾಪ್ ತಿಂದು ಎದ್ದು ಹೋಗುವವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ. ಅವೆರಡೂ ಮೈಸೂರಿನಲ್ಲೂ ಸಿಗುತ್ತವೆ, ಹಾಸನದಲ್ಲೂ ಸಿಗುತ್ತವೆ, ತಳ್ಳುಗಾಡಿಯಲ್ಲೂ ಸಿಗುತ್ತವೆ. ಇಲ್ಲಿ ಕೇಳಬೇಕಾದ್ದು ಹಂದಿ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸಿದ್ದಾಪುರ, ಎಲ್ಲಿ ಹೋದರೂ ಯಾವುದಾದರೊಂದು ಬಾರ್ ಅಂಡ್ ರೆಸ್ಟೋರೆಂಟಿನ ಮೆನುವಿನಲ್ಲಿ ಚೈನೀಸ್ ಪುಟ ಇರುತ್ತದೆ, ಆ ಪುಟದ ಕೆಳಗಡೆ ಪೋರ್ಕ್ ಅಂತ ಐದಾರು ಸಾಲು ಇರುತ್ತದೆ. ನಾನು ಮೆನು ಓದಲು ಶುರು ಮಾಡುವುದೇ ಅಲ್ಲಿಂದ. ತೋಟದ ಕೆಲಸಕ್ಕೆ, ಬ್ಯಾಂಕಿಗೆ, ಗೊಬ್ಬರಕ್ಕೆ ಅಂತ ಪೇಟೆ ಪೇಟೆ ಸುತ್ತುವವನು ನಾನು. ಮಧ್ಯಾಹ್ನದ ಊಟ ಹೊರಗೇ ಜಾಸ್ತಿ. ಹಾಗಾಗಿ ಈ ವಿಷಯದಲ್ಲಿ ನನಗೆ ನನ್ನದೇ ಲೆಕ್ಕಾಚಾರಗಳಿವೆ.

ಮೊದಲು ಮಾಂಸದ ಮಾತು. ನಮ್ಮ ಕಡೆ ಹಂದಿಯ ಚರ್ಮ ಸುಲಿಯುವುದಿಲ್ಲ. ರೋಮ ಸುಟ್ಟು, ಕೆರೆದು, ತೊಳೆದು, ಚರ್ಮ, ಕೊಬ್ಬು, ಮಾಂಸ ಮೂರೂ ಒಂದೇ ತುಂಡಿನಲ್ಲಿ ಬರುವ ಹಾಗೆ ಕಡಿಯುತ್ತಾರೆ. ಪಂದಿಕರಿಗೆ, ಅಂದರೆ ನಮ್ಮ ಕೊಡಗಿನ ಹಂದಿ ಸಾರಿಗೆ, ಆ ಮೂರೂ ಬೇಕು. ಮಾಂಸ ಮಾತ್ರ ಇದ್ದರೆ ನಾರು ನಾರು, ಕೊಬ್ಬು ಮಾತ್ರ ಇದ್ದರೆ ಮುಖಕ್ಕೆ ಹೊಡೆಯುತ್ತದೆ. ಅದೇ ಅಂಗಡಿಯ ಅದೇ ಮಾಂಸ ಹೋಟೆಲಿನ ಚೈನೀಸ್ ಒಲೆಗೂ ಹೋಗುತ್ತದೆ. ದೊಡ್ಡ ಊರುಗಳಲ್ಲಿ ಚಿಲ್ಲಿ ಪೋರ್ಕ್ ಕೇಳಿದರೆ ಎಷ್ಟೋ ಸಲ ಫ್ರೀಜರಿನಿಂದ ತೆಗೆದ ಬಿಳಿಚಿದ ಬೋನ್‌ಲೆಸ್ ಪಟ್ಟಿಗಳು ಬರುತ್ತವೆ. ಅದಕ್ಕೆ ಹೋಲಿಸಿದರೆ ಇಲ್ಲಿಯದು ಬೇರೆಯೇ ತಿಂಡಿ. ಚೀನಾದವರೂ ಚರ್ಮ ಬಿಸಾಡುವವರಲ್ಲ. ಅವರ ಹೆಸರುವಾಸಿ ಹೋಂಗ್ ಶಾವ್ ರೋ, ಮಾವೊ ಇಷ್ಟಪಟ್ಟು ತಿನ್ನುತ್ತಿದ್ದರು ಅಂತ ಹೇಳುತ್ತಾರಲ್ಲ ಅದು, ಹೊಟ್ಟೆಭಾಗದ ಮಾಂಸವನ್ನು ಚರ್ಮ ಕೊಬ್ಬಿನ ಸಮೇತ ಸೋಯಾ, ಸಕ್ಕರೆ, ಚಕ್ರಮೊಗ್ಗು ಹಾಕಿ ಸಣ್ಣ ಉರಿಯಲ್ಲಿ ಬೇಯಿಸುವ ಅಡುಗೆ. ಜಗತ್ತಿನ ಹಂದಿಮಾಂಸದಲ್ಲಿ ಹತ್ತಿರ ಹತ್ತಿರ ಅರ್ಧ ಚೀನಾದಲ್ಲೇ ಆಗುತ್ತದೆ. ಹಂದಿ ವಿಷಯದಲ್ಲಿ ಅವರೂ ನಾವೂ ಒಂದೇ ಪಂಕ್ತಿಯವರು ಅನ್ನಬಹುದು, ಅಲ್ವಾ?

ಹಾಗಂತ ನಮ್ಮ ಪೇಟೆಗಳಲ್ಲಿ ಸಿಗುವುದು ಚೀನಾದ ಅಡುಗೆ ಅಂತ ಯಾರೂ ತಿಳಿಯಬೇಡಿ. ಅದು ಕಲ್ಕತ್ತಾದ ಚೈನೀಸ್. ಅಲ್ಲಿಯ ಟ್ಯಾಂಗ್ರಾ ಬಡಾವಣೆಯಲ್ಲಿ ಚರ್ಮ ಹದ ಮಾಡುತ್ತಿದ್ದ ಹಕ್ಕಾ ಚೀನೀ ಕುಟುಂಬಗಳು ನಮ್ಮವರ ನಾಲಿಗೆಗೆ ತಕ್ಕ ಹಾಗೆ ಹಸಿಮೆಣಸು, ಬೆಳ್ಳುಳ್ಳಿ ಸುರಿದು ಬೆಳೆಸಿದ ಅಡುಗೆ. ಮಂಚೂರಿ ಅಂತೂ ಮುಂಬೈಯಲ್ಲಿ 1975ರಲ್ಲಿ ನೆಲ್ಸನ್ ವಾಂಗ್ ಅನ್ನುವ ಅಡುಗೆಯವರ ಕೈಯಲ್ಲಿ ಹುಟ್ಟಿದ್ದು ಅಂತ ಹೇಳುತ್ತಾರೆ. ನನಗೆ ಅದರ ಬಗ್ಗೆ ತಕರಾರಿಲ್ಲ. ನಮ್ಮ ಊರಿನ ಒಲೆಯ ಮುಂದೆ ನಿಂತಿರುವವರು ಹೆಚ್ಚಾಗಿ ನೇಪಾಳದವರು, ಡಾರ್ಜಿಲಿಂಗ್ ಕಡೆಯವರು, ಅಸ್ಸಾಮಿನವರು. ಅವರಿಗೂ ಹಂದಿ ಮನೆಯ ಊಟವೇ. ಅದರಿಂದ ಒಂದು ಅನುಕೂಲ ಇದೆ. ಹಂದಿ ತಿನ್ನದ ಅಡುಗೆಯವನು ಉಪ್ಪು ನೋಡದೆ ಅಂದಾಜಿನಲ್ಲಿ ಹಾಕುತ್ತಾನೆ, ತಿನ್ನುವವನು ಒಂದು ಚೂರು ಬಾಯಿಗೆ ಹಾಕಿಕೊಂಡೇ ತಟ್ಟೆಗೆ ಬಡಿಸುತ್ತಾನೆ.

ಗೋಣಿಕೊಪ್ಪದ ಕಡೆ ಒಂದು ಹೋಟೆಲಿನಲ್ಲಿ ಕೈ ತೊಳೆಯುವ ಜಾಗದಿಂದ ಅಡುಗೆಮನೆ ಪೂರ್ತಿ ಕಾಣುತ್ತದೆ. ಅಲ್ಲಿ ನಿಂತು ನೋಡಿಯೇ ನಾನು ಚಿಲ್ಲಿ ಪೋರ್ಕ್ ಕಲಿತದ್ದು. ಬೆಳಿಗ್ಗೆಯೇ ದೊಡ್ಡ ತುಂಡುಗಳನ್ನು ಉಪ್ಪು, ಶುಂಠಿ ಹಾಕಿ ಬೇಯಿಸಿ, ಆರಿಸಿ, ಸ್ಟೀಲ್ ಟ್ರೇಯಲ್ಲಿ ಇಟ್ಟಿರುತ್ತಾರೆ. ಆರ್ಡರ್ ಬಂದಾಗ ಒಂದು ತುಂಡು ತೆಗೆದು, ಚರ್ಮ ಮೇಲಾಗಿ ಇಟ್ಟು, ಕಿರುಬೆರಳಿನ ದಪ್ಪಕ್ಕೆ ಹೆಚ್ಚುತ್ತಾನೆ. ಬಿಸಿ ಎಣ್ಣೆಗೆ ಬಿದ್ದ ತಕ್ಷಣ ಕೊಬ್ಬಿನ ಅಂಚು ಗಾಜಿನ ಹಾಗೆ ಆಗುತ್ತದೆ, ಚರ್ಮ ಪಟ್ ಪಟ್ ಅಂತ ಸಿಡಿಯುತ್ತದೆ, ಅವನು ಮುಖ ತಿರುಗಿಸಿಕೊಂಡು ಬಾಣಲೆ ಅಲ್ಲಾಡಿಸುತ್ತಾನೆ. ತುಂಡುಗಳ ಅಂಚು ಕೆಂಪಗಾದ ಮೇಲೆ ಎಣ್ಣೆ ಬಸಿದು ಬಿಡುತ್ತಾನೆ. ಇಲ್ಲಿಯೇ ಇರುವುದು ಕಥೆ. ಹಂದಿ ತನ್ನದೇ ಎಣ್ಣೆ ಬಿಡುತ್ತದೆ, ಅದರ ಮೇಲೆ ಬಾಣಲೆಯ ಎಣ್ಣೆಯೂ ಉಳಿದರೆ ತಟ್ಟೆಯಲ್ಲಿ ಕೆರೆ. ಆಮೇಲೆ ಬೆಳ್ಳುಳ್ಳಿ, ಸೀಳಿದ ಹಸಿಮೆಣಸು, ಚೌಕ ಚೌಕ ಈರುಳ್ಳಿ, ದೊಣ್ಣೆಮೆಣಸು, ದೊಡ್ಡ ಉರಿ. ಸೌಟಿನ ತುದಿಯಲ್ಲಿ ಸೋಯಾ, ಸೌಟಿನ ತುದಿಯಲ್ಲಿ ವಿನೆಗರ್, ಮುಗೀತು. ಸಿಚುವಾನಿನ ಹುಯಿ ಗುವೋ ರೋ ಅನ್ನುವ ಅಡುಗೆಯೂ ಇದೇ ದಾರಿಯದ್ದು. ಮೊದಲು ಇಡೀ ತುಂಡು ಬೇಯಿಸಿ, ಆರಿದ ಮೇಲೆ ತೆಳ್ಳಗೆ ಹೆಚ್ಚಿ, ಮತ್ತೆ ಬಾಣಲೆಗೆ ಹಾಕಿ ಖಾರದ ಹುಳಿಹಿಡಿಸಿದ ಬೀನ್ಸ್ ಪೇಸ್ಟಿನ ಜೊತೆ ಹುರಿಯುವುದು. ಬೇಯಿಸಿಟ್ಟ ಮಾಂಸವನ್ನು ಗಿರಾಕಿ ಬಂದಾಗ ಹುರಿದು ಕೊಡುವ ನಮ್ಮ ಹೋಟೆಲಿನವನೂ ಗೊತ್ತಿಲ್ಲದೆಯೇ ಅಲ್ಲಿಗೆ ಹೋಗಿ ಮುಟ್ಟಿದ್ದಾನೆ.

ಅದಕ್ಕೇ ನಾನು ಆರ್ಡರ್ ಕೊಡುವ ಮೊದಲು ಮಾಂಸದ ಬಗ್ಗೆ ಕೇಳುತ್ತೇನೆ. ಟೇಬಲ್ ಹುಡುಗನ ಹತ್ತಿರ ಸುಮ್ನೆ ಕೇಳುವುದು.

"ಮಗ, ಪೋರ್ಕ್ ಬೆಳಿಗ್ಗೆ ಬೇಯಿಸಿದ್ದಾ, ನಿನ್ನೆದಾ?"

"ಅಣ್ಣ, ಇವತ್ತಿಂದೇ."

"ಒಳಗೆ ಕೇಳ್ಕೊಂಡು ಬಾ."

ಅವನು ಒಳಗೆ ಹೋಗಿ ಬಂದು ಹೇಳುವ ಉತ್ತರ ಎಷ್ಟೋ ಸಲ ಬೇರೆ ಇರುತ್ತದೆ. ಕೇಳಿದ್ದಕ್ಕೆ ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಹಂದಿ ತಿನ್ನುವ ಊರಲ್ಲಿ ಇದು ಎಲ್ಲರೂ ಕೇಳುವ ಪ್ರಶ್ನೆ. ಭಾನುವಾರ ಮಾಂಸದ ಅಂಗಡಿಗಳಲ್ಲಿ ಜಾಸ್ತಿ ಕಡಿಯುವುದರಿಂದ ಅವತ್ತು ಮಧ್ಯಾಹ್ನ ಭಯವಿಲ್ಲ. ಮಳೆಗಾಲ ಮಾತ್ರ ನೋಡಿಕೊಳ್ಳಬೇಕು. ಜುಲೈ, ಆಗಸ್ಟಿನಲ್ಲಿ ಮರ ಬಿದ್ದು ಲೈನ್ ಕಡಿದು ಕರೆಂಟು ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಜನರೇಟರ್ ಲೈಟಿಗೆ ಇರುತ್ತದೆ, ಫ್ರಿಜ್ಜಿಗೂ ಇದೆಯಾ ಅಂತ ಯಾರಿಗೆ ಗೊತ್ತು? ಅಂಥ ದಿನ ನಾನು ಮೊಟ್ಟೆ ಫ್ರೈಡ್ ರೈಸ್ ತಿಂದು ಬರುತ್ತೇನೆ.

ಎರಡನೆಯದು ತುಂಡು. "ಕೊಬ್ಬು ಚರ್ಮ ಇರುವ ಕಡೆಯದೇ ಹಾಕಲಿ" ಅಂತ ಹೇಳಿಬಿಡುತ್ತೇನೆ. ಹೊರಗಿನಿಂದ ಬಂದವರು ಅಂದುಕೊಂಡರೆ ಕೊಬ್ಬು ತೆಗೆದು ಕೊಡುತ್ತಾರೆ, ಪ್ರವಾಸಿಗಳು ಕೊಬ್ಬು ನೋಡಿ ತಟ್ಟೆಯ ಅಂಚಿಗೆ ತಳ್ಳುತ್ತಾರಂತೆ. ಪ್ರವಾಸಿಗಳ ಮಾತು ಬಂತು ನೋಡಿ, ಪಕ್ಕದ ಟೇಬಲಿನಲ್ಲಿ ಕೂತು "ಕಾಡುಹಂದಿ ಸಿಗುತ್ತಾ?" ಅಂತ ಮೆತ್ತಗೆ ಕೇಳುವವರು ಈಗಲೂ ಇದ್ದಾರೆ. ಸಿಗುವುದಿಲ್ಲ ಸ್ವಾಮಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದರ ಬೇಟೆ ಅಪರಾಧ. ಹೋಟೆಲಿನಲ್ಲಿ ಸಿಗುವುದೆಲ್ಲ ಸಾಕಿದ ಹಂದಿ, ಯಾರಾದರೂ ಕಾಡಿನದು ಅಂತ ಹೇಳಿ ಜಾಸ್ತಿ ದುಡ್ಡು ಕೇಳಿದರೆ ನಿಮ್ಮನ್ನು ಯಾಮಾರಿಸುತ್ತಿದ್ದಾರೆ, ಇಲ್ಲವೇ ಜೈಲಿನ ದಾರಿ ತೋರಿಸುತ್ತಿದ್ದಾರೆ.

ಇನ್ನು ಯಾವುದು ತರಿಸಬೇಕು ಅನ್ನುವುದು. ಚಿಲ್ಲಿ ಪೋರ್ಕ್ ಡ್ರೈ, ಅದರಲ್ಲಿ ಎರಡು ಮಾತಿಲ್ಲ. ಗ್ರೇವಿ ಬೇಡ. ಗ್ರೇವಿ ಅಂದರೆ ಕಾರ್ನ್‌ಫ್ಲೋರ್ ಕಲಸಿದ ನೀರು, ಹುರಿದ ಚರ್ಮವನ್ನು ಅದರಲ್ಲಿ ನೆನೆಸಿದರೆ ಹುರಿದದ್ದು ಯಾಕೆ? "ಸೋಯಾ ಕಮ್ಮಿ" ಅಂತ ಸೇರಿಸಿ ಹೇಳಿ. ಬೇಯಿಸುವಾಗಲೇ ಉಪ್ಪು ಬಿದ್ದಿರುತ್ತದೆ, ಸೋಯಾದಲ್ಲೂ ಉಪ್ಪು, ಎರಡೂ ಸೇರಿದರೆ ಜೊತೆಗೆ ಬಿಯರ್ ಕುಡಿಯುವವರಿಗೆ ಸರಿ, ಊಟ ಮಾಡುವವರಿಗೆ ಕಷ್ಟ. ಅಜಿನಮೊಟೊ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಪೆಪ್ಪರ್ ಪೋರ್ಕ್ ಇದ್ದರೆ ಅದೂ ಒಳ್ಳೆಯದು, ನಮ್ಮ ತೋಟದ ಕರಿಮೆಣಸಿನ ಊರಲ್ಲಿ ಅದು ಕೆಟ್ಟರೆ ಕೇಳಬೇಕು. ಮೆಣಸನ್ನು ಆಗಲೇ ಕುಟ್ಟಿ ಹಾಕಿದ್ದರೆ ತಟ್ಟೆ ಟೇಬಲಿಗೆ ಬರುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಪುಡಿ ಡಬ್ಬದಿಂದ ಉದುರಿಸಿದ್ದರೆ ನಾಲಿಗೆ ಮೇಲೆ ಮರಳಿನ ಹಾಗೆ ಕೂರುತ್ತದೆ, ಘಮ ಇರುವುದಿಲ್ಲ.

ಸ್ವೀಟ್ ಅಂಡ್ ಸೋರ್ ಪೋರ್ಕ್ ಕ್ಯಾಂಟನ್ ಕಡೆಯ ಅಡುಗೆ. ಚೆನ್ನಾಗಿ ಮಾಡಿದರೆ ಭಾರೀ ರುಚಿ, ಮೇಲೆ ಗರಿಗರಿ, ಒಳಗೆ ಮೆತ್ತಗೆ, ಹುಳಿ ಸಿಹಿ ಎರಡೂ ಹದ. ನಮ್ಮ ಕಡೆ ಅದು ಹೆಚ್ಚಾಗಿ ಟೊಮೆಟೊ ಕೆಚಪ್ಪಿನಲ್ಲಿ ಮುಳುಗಿದ ಬೋಂಡ. ಮಕ್ಕಳಿಗೆ ಇಷ್ಟವಾಗುತ್ತದೆ ಅಂತ ತರಿಸುತ್ತೇವೆ, ಅಷ್ಟೇ. ನೂಡಲ್ಸ್, ಫ್ರೈಡ್ ರೈಸಿಗೆ ಹಂದಿ ಹಾಕಿಸುವುದು ನನ್ನ ಪ್ರಕಾರ ದಂಡ, ಚೂರು ಚೂರಾಗಿ ಕಳೆದೇ ಹೋಗುತ್ತದೆ. ಮೊಟ್ಟೆ ಫ್ರೈಡ್ ರೈಸ್ ತೆಗೆದುಕೊಂಡು ಪಕ್ಕಕ್ಕೆ ಚಿಲ್ಲಿ ಪೋರ್ಕ್ ಇಟ್ಟುಕೊಳ್ಳಿ.

ಕಾಚಂಪುಳಿ ಪ್ರಯೋಗವನ್ನೂ ಮಾಡಿದ್ದೇನೆ. ಪಂದಿಕರಿಗೆ ಕೊನೆಯಲ್ಲಿ ಹಾಕುವ ಆ ಕಪ್ಪು ಮಂದ ಹುಳಿ ಇದೆಯಲ್ಲ, ಚೈನೀಸಿಗೆ ಬಿಳಿ ವಿನೆಗರ್ ಬದಲು ಅದನ್ನೇ ಯಾಕೆ ಹಾಕಬಾರದು ಅಂತ ಪರಿಚಯದ ಅಡುಗೆಯವನಿಗೆ ಹೇಳಿ ಮಾಡಿಸಿದೆ. ಸೋಯಾ ಜೊತೆ ಅದು ಸೇರಲಿಲ್ಲ. ಎರಡೂ ಕಪ್ಪು, ಎರಡೂ ಜೋರು, ಒಂದನ್ನೊಂದು ತುಳಿದು ಕೊನೆಗೆ ಕಹಿ ಉಳಿಯಿತು. ಇನ್ನೊಂದು ಸಲ ಸೋಯಾ ಪೂರ್ತಿ ಬಿಟ್ಟು ಬೆಳ್ಳುಳ್ಳಿ, ಹಸಿಮೆಣಸು, ಕುಟ್ಟಿದ ಕರಿಮೆಣಸು ಹಾಕಿ, ಉರಿ ಆರಿಸಿದ ಮೇಲೆ ಕೆಲವೇ ಹನಿ ಕಾಚಂಪುಳಿ ಬಿಟ್ಟ. ಅದು ಬಂತು ನೋಡಿ! ಚೈನೀಸ್ ಅಂತ ಕರೆಯಲು ಆಗದು, ಪಂದಿ ಫ್ರೈ ಅಂತಲೂ ಅಲ್ಲ, ಆದರೆ ತಟ್ಟೆ ಖಾಲಿ. ಈಗ ನಾನು ಹೋದರೆ ಅವನು ಕೇಳದೆಯೇ ಅದನ್ನು ಮಾಡುತ್ತಾನೆ. ಮೆನುವಿಗೆ ಸೇರಿಸು ಅಂದರೆ ಓನರ್ ಒಪ್ಪುವುದಿಲ್ಲವಂತೆ.

ಕುಶಾಲನಗರದ ಕಡೆ ಹೋದಾಗ ನನ್ನ ಲೆಕ್ಕ ಬದಲಾಗುತ್ತದೆ. ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಸ್ವಲ್ಪ ಮುಂದೆ ಬೈಲಕುಪ್ಪೆ. ಟಿಬೆಟಿನವರು 1961ರಲ್ಲಿ ಅಲ್ಲಿ ನೆಲೆ ನಿಂತ ಮೇಲೆ ಮೊಮೊ, ಥುಕ್ಪಾ ಅನ್ನುವ ನೂಡಲ್ಸ್ ಸೂಪು ನಮ್ಮ ಕಡೆಯವರಿಗೂ ರೂಢಿಯಾಯಿತು. ಕುಶಾಲನಗರದ ಚೈನೀಸ್ ಹೋಟೆಲುಗಳ ಮೆನುವಿನಲ್ಲೂ ಈಗ ಅವು ಇವೆ. ಪೋರ್ಕ್ ಮೊಮೊ ಸಿಕ್ಕರೆ ನಾನು ಹಬೆಯಲ್ಲಿ ಬೇಯಿಸಿದ್ದನ್ನೇ ಕೇಳುವುದು, ಎಣ್ಣೆಯಲ್ಲಿ ಕರಿದದ್ದು ಬೇಡ. ಬಂದ ತಕ್ಷಣ ಒಂದನ್ನು ಬಿಡಿಸಿ ನೋಡುತ್ತೇನೆ. ಒಳಗಿನ ಕೈಮಾ ಪೂರ್ತಿ ಬೂದು ಬಣ್ಣಕ್ಕೆ ತಿರುಗಿ, ರಸ ತಿಳಿಯಾಗಿ ಇಳಿಯಬೇಕು. ಗುಲಾಬಿ ಬಣ್ಣ ಕಂಡರೆ ವಾಪಸ್ ಕಳಿಸಿ, ಇನ್ನೊಂದು ಸುತ್ತು ಹಬೆ ಕೊಡಲಿ. ಸರಿಯಾಗಿ ಬೇಯದ ಹಂದಿಯಿಂದ ಲಾಡಿಹುಳು ಬರುತ್ತದೆ, ಇದರಲ್ಲಿ ನಾಚಿಕೆ ಮಾಡಿಕೊಳ್ಳಬಾರದು. ಟಿಬೆಟಿನವರದ್ದೇ ಹೋಟೆಲಾದರೆ ಇನ್ನೊಂದು ವಿಷಯ ಗೊತ್ತಿರಲಿ. ಮೇ, ಜೂನ್ ಸುಮಾರಿಗೆ ಬರುವ ಸಾಗಾ ದಾವಾ ಅನ್ನುವ ಅವರ ಪವಿತ್ರ ತಿಂಗಳಲ್ಲಿ ಅವರಲ್ಲಿ ತುಂಬಾ ಜನ ಮಾಂಸ ಬಿಡುತ್ತಾರೆ, ಆಗ ಹೋಗಿ ಪೋರ್ಕ್ ಇಲ್ಲವಾ ಅಂತ ಮುಖ ಊದಿಸಿಕೊಂಡು ಪ್ರಯೋಜನವಿಲ್ಲ. ಅಕ್ಟೋಬರಿನಲ್ಲಿ ಕಾವೇರಿ ಸಂಕ್ರಮಣಕ್ಕೆ ನಮ್ಮ ಮನೆಗಳಲ್ಲೂ ಹಾಗೇ ಅಲ್ಲವೇ.

ಜೊತೆಗೆ ಯಾರು ಬರುತ್ತಾರೆ ಅನ್ನುವುದೂ ಮುಖ್ಯ. ನನ್ನ ಹಳೆಯ ಸ್ನೇಹಿತ ಒಬ್ಬ ಮುಸ್ಲಿಮರ ಮನೆಯವನು, ನಾವಿಬ್ಬರೂ ತಿಂಗಳಿಗೊಮ್ಮೆಯಾದರೂ ಒಟ್ಟಿಗೆ ಊಟ ಮಾಡುತ್ತೇವೆ. ಅವನ ಜೊತೆ ಇರುವ ದಿನ ಹಂದಿ ಮಾಡುವ ಚೈನೀಸ್ ಹೋಟೆಲಿಗೆ ಹೋಗುವುದೇ ಇಲ್ಲ. "ನಾನು ವೆಜ್ ತಿಂತೀನಿ ಬಿಡೋ" ಅಂತಾನೆ. ಆದರೆ ಒಲೆಯ ಮುಂದೆ ನಿಂತು ನೋಡಿದವನು ನಾನು, ಅದೇ ಬಾಣಲೆ, ಅದೇ ಸೌಟು, ನಡುವೆ ಒಂದು ಸಲ ಬಿಸಿನೀರು ಹಾಕಿ ಉಜ್ಜಿದರೆ ಉಜ್ಜಿದ ಹಾಗೆ. ನಮ್ಮ ಅತ್ತಿಗೆ ಶುದ್ಧ ಸಸ್ಯಾಹಾರಿ, ಅವರು ಬಂದಾಗಲೂ ಹಾಗೇ. ಪಾತ್ರೆ ಬೇರೆ ಇಟ್ಟಿದ್ದೇವೆ ಅಂತ ಬೋರ್ಡು ಹಾಕಿದ ಕಡೆ ಕೂಡ ನಾನು ಒಳಗೆ ಇಣುಕಿ ನೋಡದೆ ನಂಬುವುದಿಲ್ಲ.

ಕೊನೆಗೆ ಪಾರ್ಸೆಲ್. ಪ್ಲಾಸ್ಟಿಕ್ ಡಬ್ಬಕ್ಕೆ ಬಿಸಿಬಿಸಿ ಚಿಲ್ಲಿ ಪೋರ್ಕ್ ತುಂಬಿ ಮುಚ್ಚಳ ಒತ್ತಿದರೆ ವಿರಾಜಪೇಟೆಯಿಂದ ಮನೆ ಮುಟ್ಟುವಷ್ಟರಲ್ಲಿ ಹಬೆಗೆ ಚರ್ಮ ರಬ್ಬರ್ ಆಗಿರುತ್ತದೆ. ನಾನು ಮುಚ್ಚಳ ಅರ್ಧ ತೆರೆದೇ ಇಡಲು ಹೇಳುತ್ತೇನೆ, ಕಾರೆಲ್ಲ ಬೆಳ್ಳುಳ್ಳಿ ವಾಸನೆ ಅಂತ ಮನೆಯವಳು ಬೈಯುತ್ತಾಳೆ, ಬೈಯಲಿ. ಮನೆಯಲ್ಲಿ ಅದನ್ನು ಮೈಕ್ರೋವೇವಿಗೆ ಇಡಬೇಡಿ. ಕಬ್ಬಿಣದ ಕಾವಲಿ ಕಾಯಿಸಿ, ಎಣ್ಣೆ ಹಾಕದೆ, ಕೊಬ್ಬಿನ ಕಡೆ ಕೆಳಗಾಗಿ ಹರಡಿ ಐದು ನಿಮಿಷ ಬಿಡಿ, ಅದರದ್ದೇ ಎಣ್ಣೆ ಬಿಟ್ಟುಕೊಂಡು ಮತ್ತೆ ಗರಿಗರಿ ಆಗುತ್ತದೆ. ಈರುಳ್ಳಿ ದೊಣ್ಣೆಮೆಣಸನ್ನು ಮೊದಲೇ ಆರಿಸಿ ತೆಗೆದಿಡಿ, ಇಲ್ಲದಿದ್ದರೆ ಸೀದುಹೋಗುತ್ತವೆ. ಅಕ್ಕಿರೊಟ್ಟಿ ಇದ್ದರೆ ಅದರ ಜೊತೆ, ಇಲ್ಲದಿದ್ದರೆ ಬಿಳಿ ಅನ್ನಕ್ಕೂ ಆಗುತ್ತದೆ.