ಆರೈಕೆ ಕಲಿಸುವ ದತ್ತಿ ಇಡುವುದು ಹೇಗೆ?

ಪಾರ್ಶ್ವವಾಯುವಿನಿಂದ ನನ್ನ ಪತ್ನಿ ಹಾಸಿಗೆ ಹಿಡಿದ ಮೂರನೆಯ ವಾರ ಅವಳ ಸೊಂಟದ ಹಿಂಭಾಗದಲ್ಲಿ ಹುಣ್ಣಾಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಹೇಗೆಂದು ತಿಳಿಯದೆ ತೋಳು ಹಿಡಿದು ಎಳೆಯುತ್ತಿದ್ದೆ. ಮಡಚಿದ ಬೆಡ್‌ಶೀಟನ್ನು ಮೈಯ ಕೆಳಗೆ ಹಾಸಿ, ಅದರ ಅಂಚು ಹಿಡಿದು ಹೊರಳಿಸುವುದನ್ನು ಕೊನೆಗೆ ಒಬ್ಬ ನರ್ಸ್ ಹತ್ತು ನಿಮಿಷದಲ್ಲಿ ಕಲಿಸಿಕೊಟ್ಟರು. ಅಷ್ಟರಲ್ಲಿ ಹುಣ್ಣು ಆಳಕ್ಕಿಳಿದಿತ್ತು.

ಅವಳು ಹೋದ ಮೇಲೆ, ಮನೆಯವರಿಗೆ ಆರೈಕೆ ಕಲಿಸಲೆಂದು ಅವಳ ಹೆಸರಿನಲ್ಲಿ ಒಂದು ದತ್ತಿ ಇಟ್ಟೆ. ಆಮೇಲೆ ಇಂಥದ್ದೇ ಆಸೆ ಹೊತ್ತ ಹಲವರು ತಮ್ಮ ದತ್ತಿ ಪತ್ರಗಳನ್ನು ನನಗೆ ತಂದು ತೋರಿಸಿದ್ದಾರೆ. ಬಹುತೇಕ ಎಲ್ಲರೂ ಎಡವಿದ್ದು ಒಂದೇ ಕಡೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಯಾರಿಗೆ ಕಲಿಸಬೇಕೆಂದು ನಿರ್ಧರಿಸಿ. ಸಂಬಳಕ್ಕೆ ಬರುವ ಆರೈಕೆ ಸಹಾಯಕರಿಗೆ ಕೌಶಲ ತರಬೇತಿಯ ಕೋರ್ಸುಗಳಿವೆ. ಮನೆಯಲ್ಲಿ ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೆ, ಹೆಂಡತಿಯನ್ನು ನೋಡಿಕೊಳ್ಳುವ ಗಂಡನಿಗೆ ಕಲಿಸುವವರು ಕಡಿಮೆ. ನನ್ನ ಸಲಹೆ: ಮನೆಯವರಿಗೇ ಇಡಿ.

ಎರಡನೆಯದು, ಸಂಸ್ಥೆಯ ಆಯ್ಕೆ. ಸ್ವಂತ ಟ್ರಸ್ಟ್ ಕಟ್ಟಲು ಹೊರಡಬೇಡಿ. ನೋಂದಣಿ, ಪ್ಯಾನ್, ವರ್ಷ ವರ್ಷದ ಲೆಕ್ಕಪತ್ರ ಎಂದು ಸಣ್ಣ ನಿಧಿಯ ಬಡ್ಡಿಯೆಲ್ಲ ಅದಕ್ಕೇ ಹೋಗುತ್ತದೆ. ಈಗಾಗಲೇ ಈ ಕೆಲಸದಲ್ಲಿರುವವರನ್ನು ಹುಡುಕಿ. ಬೆಂಗಳೂರಿನ ಕರುಣಾಶ್ರಯದಂಥ ಉಪಶಾಮಕ ಆರೈಕೆ (ಗಂಭೀರ ಕಾಯಿಲೆಯವರ ನೋವು ತಗ್ಗಿಸುವ) ಕೇಂದ್ರಗಳು, ಮರೆವಿನ ಕಾಯಿಲೆಗಾಗಿ ಇರುವ ಸಂಘಗಳು, ನಿಮ್ಮೂರಿನ ನರ್ಸಿಂಗ್ ಕಾಲೇಜು, ಎಲ್ಲಿಯಾದರೂ ಸರಿ. ಆದರೆ ಒಪ್ಪುವ ಮೊದಲು ಅವರ ಒಂದು ತರಬೇತಿಯಲ್ಲಿ ನೀವೇ ಹೋಗಿ ಕುಳಿತುಕೊಳ್ಳಿ. ಪರದೆಯ ಮೇಲೆ ಚಿತ್ರ ತೋರಿಸಿ ಮುಗಿಸಿದರೆ ಎದ್ದು ಬನ್ನಿ. ಕೋಣೆಯಲ್ಲಿ ಒಂದು ಮಂಚವಿರಬೇಕು. ಬಂದವರು ತಮ್ಮ ಕೈಯಿಂದಲೇ ಹೊರಳಿಸಿ, ಎಬ್ಬಿಸಿ ಕುರ್ಚಿಗೆ ಕೂರಿಸಿ, ಮೂಗಿನ ನಳಿಕೆಯಲ್ಲಿ ಆಹಾರ ಕೊಡುವಾಗ ತಲೆಯ ಕಡೆ ಎಷ್ಟು ಎತ್ತರಿಸಬೇಕೆಂದು ನೋಡಿ ಕಲಿಯಬೇಕು.

ಮೂರನೆಯದು ಮೊತ್ತ. ಶೇ 6ರ ಬಡ್ಡಿಯಲ್ಲಿ 5 ಲಕ್ಷ ರೂಪಾಯಿಗೆ ವರ್ಷಕ್ಕೆ 30,000 ಬರುತ್ತದೆ. 24,000 ಖರ್ಚಿಗಿಟ್ಟು 6,000 ಅಸಲಿಗೆ ಸೇರಿಸಿ. ಹಾಗೆ ಮಾಡದಿದ್ದರೆ ಬೆಲೆ ಏರಿದಂತೆ ದತ್ತಿ ಸೊರಗುತ್ತದೆ. ಕೈಯಲ್ಲಿರುವುದು 1 ಲಕ್ಷ ಮಾತ್ರವೇ ಆದರೆ ಇಡುಗಂಟು (ಅಸಲು ಮುಟ್ಟದೆ ಬಡ್ಡಿ ಮಾತ್ರ ಬಳಸುವ ನಿಧಿ) ಬೇಡ, ಎರಡು ಮೂರು ವರ್ಷಗಳಲ್ಲಿ ಪೂರ್ತಿ ಖರ್ಚು ಮಾಡಲು ಕೊಡಿ. ಒಂದು ಎಚ್ಚರಿಕೆ: ಹೆಚ್ಚು ಬಡ್ಡಿಯ ಆಸೆಗೆ ಹಣವನ್ನು ಪತ್ತಿನ ಸಹಕಾರ ಸಂಘದಲ್ಲಿ ಇಡಲು ಒಪ್ಪಬೇಡಿ. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆಯಿದೆ, ಪತ್ತಿನ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ.

ಇನ್ನು ದತ್ತಿ ಪತ್ರ. ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲಿಯೇ. ದುಃಖದಲ್ಲಿರುವಾಗ ಸಂಸ್ಥೆಯವರು ಕೊಟ್ಟ ಅಚ್ಚಿನ ನಮೂನೆಗೆ ಸಹಿ ಹಾಕಿಬಿಡುತ್ತೇವೆ. ಹಾಕಬೇಡಿ, ಮನೆಗೆ ತಂದು ಓದಿ.

‘ಈ ಹಣ ಇಡುಗಂಟಿಗೆ’ ಎಂಬ ಮಾತು ಬರಹದಲ್ಲಿ ಇರಲೇಬೇಕು. ಹಾಗೆಂದು ದಾನಿ ಸೂಚಿಸದಿದ್ದರೆ ತೆರಿಗೆ ಲೆಕ್ಕದಲ್ಲಿ ಅದು ಸಂಸ್ಥೆಯ ಆ ವರ್ಷದ ಆದಾಯವಾಗಿ ಖರ್ಚಾಗಿ ಹೋಗಬಹುದು. ನನ್ನ ಪರಿಚಿತರೊಬ್ಬರಿಗೆ ಹೀಗೇ ಆಯಿತು. ನಾಲ್ಕನೆಯ ವರ್ಷ ವಿಚಾರಿಸಿದಾಗ ಅವರ ಪತಿಯ ಹೆಸರಿನ ಹಣ ಕಟ್ಟಡದ ಸುಣ್ಣಬಣ್ಣಕ್ಕೆ ಸೇರಿಹೋಗಿತ್ತು.

ಉದ್ದೇಶವನ್ನು ‘ಆರೈಕೆದಾರರ ಕಲ್ಯಾಣಕ್ಕಾಗಿ’ ಎಂದು ಬರೆದರೆ ಸಭಾಂಗಣದ ಬಾಡಿಗೆ, ಹಾರ, ಶಾಲು, ನೆನಪಿನ ಕಾಣಿಕೆ ಎಲ್ಲವೂ ಅದರೊಳಗೆ ಬರುತ್ತವೆ. ‘ಪ್ರತಿ ವರ್ಷ ಇಂಥ ಕೋರ್ಸಿನ ಪ್ರಥಮ ವಿದ್ಯಾರ್ಥಿನಿಗೆ ಪದಕ’ ಎಂದು ಬರೆದರೆ ಕೋರ್ಸ್ ನಿಂತ ದಿನ ದತ್ತಿಯೂ ನಿಲ್ಲುತ್ತದೆ. ನಾನು ಬರೆಸಿದ್ದು ಹೀಗೆ: ‘ಮನೆಯಲ್ಲಿ ರೋಗಿಯ ಆರೈಕೆ ಮಾಡುವ ಕುಟುಂಬದವರಿಗೆ ಪ್ರಾಯೋಗಿಕ ತರಬೇತಿ, ಅವರ ಪ್ರಯಾಣ ಮತ್ತು ಊಟದ ವೆಚ್ಚ, ಅವರು ತರಬೇತಿಗೆ ಬಂದ ದಿನ ರೋಗಿಯ ಬಳಿ ಇರುವ ಬದಲಿ ಸಹಾಯಕರ ಕೂಲಿ.’

ಕೊನೆಯ ಆ ಮಾತನ್ನು ದಯವಿಟ್ಟು ಬಿಡಬೇಡಿ. ತರಬೇತಿ ಉಚಿತವಾಗಿದ್ದರೂ ಜನ ಬರದಿರುವುದಕ್ಕೆ ಕಾರಣ ಅಲ್ಲಿದೆ. ಹಾಸಿಗೆ ಹಿಡಿದವರನ್ನು ಒಂಟಿಯಾಗಿ ಬಿಟ್ಟು ಯಾರು ತಾನೇ ಹೊರಡುತ್ತಾರೆ? ನನಗಂತೂ ತರಕಾರಿ ತರಲು ಹೋಗುವುದಕ್ಕೂ ಪಕ್ಕದ ಮನೆಯವರನ್ನು ಕರೆದು ಕೂರಿಸಬೇಕಾಗಿತ್ತು.

ಮುಂದೆ ಈ ತರಬೇತಿ ನಿಂತುಹೋದರೆ ಹಣ ಯಾವ ಕೆಲಸಕ್ಕೆ ಹೋಗಬೇಕು, ಸಂಸ್ಥೆಯೇ ಮುಚ್ಚಿದರೆ ಅದೇ ಉದ್ದೇಶದ ಯಾವ ಸಂಸ್ಥೆಗೆ ವರ್ಗವಾಗಬೇಕು ಎಂಬುದನ್ನೂ ಬರೆಯಿಸಿ. ನಿಮ್ಮ ನಂತರ ವಿಚಾರಿಸುವವರು ಯಾರೆಂದು ಹೆಸರು ಹಾಕಿ. ನಾನು ಮಗಳ ಹೆಸರು ಹಾಕಿದ್ದೇನೆ.

ಹಣವನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಕೊಡಿ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ (80ಜಿ ಎಂದು ಹೆಸರಾದದ್ದು) ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಹೇಗೆ ಕೊಟ್ಟರೂ ಆ ವಿನಾಯಿತಿ ಸಿಗುವುದಿಲ್ಲ. ಮಕ್ಕಳು ವಿದೇಶದಲ್ಲಿದ್ದು ಅಲ್ಲಿನ ಪೌರತ್ವ ಪಡೆದಿದ್ದರೆ ಅವರು ಸಂಸ್ಥೆಗೆ ಕಳಿಸುವ ಹಣ ವಿದೇಶಿ ದೇಣಿಗೆಯಾಗುತ್ತದೆ. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು, ಮೊದಲೇ ಕೇಳಿಕೊಳ್ಳಿ. ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡವರಿಗೆ ಈ ತೊಡಕಿಲ್ಲ.

ವರ್ಷಕ್ಕೊಮ್ಮೆ ಸಂಸ್ಥೆಯಿಂದ ಒಂದು ಪುಟದ ವರದಿ ಕೇಳಿ: ಬಡ್ಡಿ ಎಷ್ಟು ಬಂತು, ಎಷ್ಟು ಜನ ಕಲಿತರು, ಬದಲಿ ಸಹಾಯಕರಿಗೆ ಎಷ್ಟು ಕೊಟ್ಟರು. ಸಾಧ್ಯವಾದರೆ ತರಬೇತಿಯ ದಿನ ನೀವೂ ಹೋಗಿ. ಭಾಷಣ ಬೇಡ. ಕಳೆದ ಸಲ ನಾನು ಮಂಚದ ಮೇಲೆ ರೋಗಿಯಂತೆ ಮಲಗಿದೆ. ಚಿಕ್ಕ ವಯಸ್ಸಿನ ಒಬ್ಬ ಹೆಣ್ಣುಮಗಳು ಬೆಡ್‌ಶೀಟಿನ ಅಂಚು ಹಿಡಿದು, ‘ಅಜ್ಜಾ, ನೋವಾದರೆ ಹೇಳಿ’ ಎಂದು ನನ್ನನ್ನು ಎಡಕ್ಕೆ ಹೊರಳಿಸಿದಳು. ನೋವಾಗಲಿಲ್ಲ.